ಅಕ್ಕನ ಮಗಳನ್ನು ಪೋಷಕ ಕುಟುಂಬದಿಂದ ವಾಪಸ್ ಕೊಡಲ್ಲ ಅಂತ ಆದೇಶ ಬಂದಿದೆ, ಮೇಲ್ಮನವಿ ಎಲ್ಲಿ ಹಾಕಬೇಕು?

ಕಾಲುವೆ_ಕೊನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರು. ದಾಖಲೆಯಲ್ಲಿ ನೀರಾವರಿ, ಹೊಲಕ್ಕೆ ಬರುವುದು ಮಾತ್ರ ನೀರು ಬಿಟ್ಟರಂತೆ ಅನ್ನೋ ಸುದ್ದಿ. ಮಳೆ ಕೈಕೊಟ್ಟ ವರ್ಷ ದೀಪಾವಳಿ ಮುಗಿಯುತ್ತಿದ್ದ ಹಾಗೆ ಅರ್ಧ ಊರು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗುತ್ತದೆ. ಅಕ್ಕ, ಭಾವನೂ ಹಾಗೇ ಹೋದವರು. ಅಲ್ಲಿ ಕಟ್ಟಡದ ಮೇಲಿಂದ ಬಿದ್ದು ಭಾವ ತೀರಿಕೊಂಡರು. ಅಕ್ಕ ಮಗಳನ್ನು ಕಟ್ಟಿಕೊಂಡು ಊರಿಗೆ ಬಂದಳು. ಸ್ವಲ್ಪ ದಿನಕ್ಕೆ ಅವಳಿಗೆ ಟಿಬಿ. ನಾನು ಆಗ ಪುಣೆಯಲ್ಲಿ ಕೆಲಸಕ್ಕಿದ್ದೆ.

ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದಾರೆ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆದುಕೊಂಡು ಹೋದರು. ಕೆಲವು ತಿಂಗಳು ಬಾಲಮಂದಿರದಲ್ಲಿತ್ತು. ಆಮೇಲೆ ಪೇಟೆಯ ಒಂದು ಕುಟುಂಬಕ್ಕೆ ಫಾಸ್ಟರ್ ಕೇರ್ ಅಂತ, ಅಂದರೆ ದತ್ತು ಅಲ್ಲ, ಸಾಕಿಕೊಳ್ಳಲು ಮಾತ್ರ, ಕೊಟ್ಟರು. ಆಗ ಅವಳಿಗೆ 7 ವರ್ಷ, ಈಗ 10. ಅಕ್ಕ ಪೂರ್ತಿ ಗುಣವಾಗಿದ್ದಾಳೆ. ನನ್ನ ಮನೆ ಪಕ್ಕದಲ್ಲೇ ಇದ್ದಾಳೆ, ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ.

ಮಗಳನ್ನು ವಾಪಸ್ ಕೊಡಿ ಅಂತ ಅರ್ಜಿ ಕೊಟ್ಟಿದ್ದಳು. ಸಮಿತಿಯವರು ಆಗಲ್ಲ ಅಂದರು. 18 ತುಂಬುವವರೆಗೂ ಅಲ್ಲೇ ಇರಲಿ ಅಂತ ಆದೇಶ. ಕಾರಣ ಮೂರು ಬರೆದಿದ್ದಾರೆ: ತಾಯಿಗೆ ಸ್ಥಿರ ಆದಾಯ ಇಲ್ಲ, ಮತ್ತೆ ಗುಳೆ ಹೋಗುವ ಸಂಭವ ಇದೆ, ಮಗು ಈಗಿನ ಮನೆಗೆ ಹೊಂದಿಕೊಂಡಿದೆ. ‘ಸ್ಥಿರ ಆದಾಯ ಇಲ್ಲ’ ಅನ್ನೋದರ ಕೆಳಗೆ ಪೆನ್ನಿನಲ್ಲಿ ಗೆರೆ ಬೇರೆ ಎಳೆದಿದ್ದಾರೆ. ಆ ಮನೆಯವರು ದತ್ತು ಕೇಳುತ್ತಾರೆ ಅಂತಲೂ ಕಿವಿಗೆ ಬಿತ್ತು. ಅಕ್ಕ ಅನ್ನ ನೀರು ಬಿಟ್ಟಿದ್ದಾಳೆ. ನಾವೇನು ಮಾಡಬೇಕು?

ಬಿಸಿಲೂರ_ಹುಡುಗ:
ಇದ್ಯಾವ ನ್ಯಾಯ ಅಣ್ಣಾ? ಹೆತ್ತ ತಾಯಿಗಿಂತ ಯಾರಿಗೆ ಹಕ್ಕು ಜಾಸ್ತಿ? ಶಾಲೆ ಬಿಡೋ ಹೊತ್ತಿಗೆ ಹೋಗಿ ಕರ್ಕೊಂಡು ಬನ್ನಿ. ಆಮೇಲೆ ಅವರೇ ಕೋರ್ಟಿಗೆ ಅಲೆಯಲಿ.

ಕೋರ್ಟ್_ರಸ್ತೆ:
ದಯವಿಟ್ಟು ಹಾಗೆ ಮಾಡಬೇಡಿ. ಸಮಿತಿ ಆದೇಶದ ಮೇಲೆ ಮಗು ಅಲ್ಲಿದೆ. ಎಳೆದುಕೊಂಡು ಬಂದರೆ ಅಪಹರಣದ ದೂರು ಬೀಳಬಹುದು. ಅದಕ್ಕಿಂತ ಹೆಚ್ಚಾಗಿ, ನಾಳೆ ಮೇಲ್ಮನವಿಯಲ್ಲಿ ‘ಇಂಥವರ ಕೈಗೆ ಮಗು ಕೊಡಬೇಕಾ’ ಅಂತ ಕೇಳಲು ನೀವೇ ಅವಕಾಶ ಕೊಟ್ಟ ಹಾಗಾಗುತ್ತದೆ.

ನಾನು ಬಳ್ಳಾರಿಯಲ್ಲಿ ವಕೀಲಿಕೆ ಮಾಡುತ್ತೇನೆ. ತಿಳಿದಷ್ಟು ಹೇಳುತ್ತೇನೆ.

ಇದು 2015ರ ಬಾಲನ್ಯಾಯ ಕಾಯ್ದೆಯ ಕೆಳಗೆ ಬಂದ ಆದೇಶ. ಸಮಿತಿಯ ಬೇರೆ ಆದೇಶಗಳ ಮೇಲೆ ಮಕ್ಕಳ ನ್ಯಾಯಾಲಯಕ್ಕೆ ಹೋಗಬೇಕು. ಫಾಸ್ಟರ್ ಕೇರ್ ವಿಷಯದ ಆದೇಶಕ್ಕೆ ಮಾತ್ರ ದಾರಿ ಬೇರೆ. ಸೆಕ್ಷನ್ 101ರ ಪ್ರಕಾರ ಮೇಲ್ಮನವಿ ಹೋಗುವುದು ಜಿಲ್ಲಾಧಿಕಾರಿ ಹತ್ತಿರ. ಇಲ್ಲೇ ಬಹಳ ಜನ ಎಡವುತ್ತಾರೆ. ಜಿಲ್ಲಾ ಕೋರ್ಟಿನಲ್ಲಿ ಹಾಕುತ್ತಾರೆ, ಅಲ್ಲಿ ‘ಇದು ನಮ್ಮ ವ್ಯಾಪ್ತಿ ಅಲ್ಲ’ ಅಂತ ವಾಪಸ್ ಬರುತ್ತದೆ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಗಡುವು ಆದೇಶದ ದಿನದಿಂದ 30 ದಿನ. ದಾಟಿದ್ದರೂ ಕೈ ಚೆಲ್ಲಬೇಡಿ. ತಡಕ್ಕೆ ಸರಿಯಾದ ಕಾರಣ ಇದ್ದರೆ ತೆಗೆದುಕೊಳ್ಳಬಹುದು ಅಂತ ಅದೇ ಸೆಕ್ಷನ್ ಹೇಳುತ್ತದೆ. ನಕಲು ಕೈಗೆ ಸಿಕ್ಕಿದ್ದು ಯಾವಾಗ, ಓದಿ ಹೇಳಿದವರು ಯಾರು, ಎಲ್ಲ ಬರೆದು ವಿಳಂಬ ಮನ್ನಾ ಅರ್ಜಿ ಜೊತೆಗಿಡಿ. ಅರ್ಜಿ ಅಕ್ಕನ ಹೆಸರಲ್ಲೇ ಇರಲಿ, ನಿಮ್ಮ ಹೆಸರಲ್ಲಿ ಬೇಡ. ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟ್ ಆವರಣದಲ್ಲೇ ಅವರ ಕಚೇರಿ ಇರುತ್ತದೆ, ನೇರ ಹೋಗಿ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಅಂದು ನಿಮ್ಮಕ್ಕ ಸಹಿಯೋ ಹೆಬ್ಬೆಟ್ಟೋ ಹಾಕಿದ ಕಾಗದ ಯಾವುದು? ಮಗುವನ್ನು ಪೂರ್ತಿ ಬಿಟ್ಟುಕೊಟ್ಟ ಕಾಗದವಾ, ಅಥವಾ ಸ್ವಲ್ಪ ಕಾಲ ಬೇರೆಯವರು ನೋಡಿಕೊಳ್ಳಲಿ ಅಂತ ಒಪ್ಪಿದ್ದಾ? ಬಿಟ್ಟುಕೊಟ್ಟ ಕಾಗದವಾದರೆ ಮನಸ್ಸು ಬದಲಿಸಲು ಕಾಯ್ದೆ ಎರಡೇ ತಿಂಗಳು ಕೊಡುತ್ತದೆ. ಎರಡರ ಮಧ್ಯೆ ಅಜಗಜಾಂತರ. ಕಡತದ ನಕಲು ತೆಗೆಸಿ ಮೊದಲು ಅದನ್ನು ನೋಡಿ.

ಹಂಪಿ_ಎಕ್ಸ್‌ಪ್ರೆಸ್:
ಅಣ್ಣಾ, ಮಗುವಿನ ಫೋಟೋ, ಆದೇಶದ ಕಾಪಿ ಇಲ್ಲಿ ಹಾಕಿ. ಎಲ್ಲ ವಾಟ್ಸಾಪ್ ಗ್ರೂಪಿಗೂ ಕಳಿಸ್ತೀವಿ. ಎರಡು ದಿನದಲ್ಲಿ ಓಡಿ ಬರ್ತಾರೆ ನೋಡಿ.

ಕೋರ್ಟ್_ರಸ್ತೆ:
ಬೇಡ. ಅದೇ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74. ಇಂಥ ಮಗುವಿನ ಹೆಸರು, ಫೋಟೋ, ಶಾಲೆ, ಗುರುತು ಸಿಗೋ ಯಾವುದನ್ನೂ ಹಂಚುವ ಹಾಗಿಲ್ಲ. ಜೈಲು ಇಲ್ಲವೇ ದಂಡ, ಎರಡೂ ಆಗಬಹುದು. ಕಳಿಸಿದವರ ಮೇಲೂ ಬರುತ್ತದೆ.

ಗಂಗಾವತಿ_ಅಕ್ಕ:
ನಾನು ಆ ಕಡೆಯವಳು. ಅಂದರೆ ನಮ್ಮ ಮನೆಯಲ್ಲೂ ಒಬ್ಬ ಹುಡುಗ ಫಾಸ್ಟರ್ ಕೇರ್‌ನಲ್ಲಿ ಬೆಳೆಯುತ್ತಿದ್ದಾನೆ. ಬೈಯಬೇಡಿ, ಸ್ವಲ್ಪ ಕೇಳಿ.

ಮಗು ಮನೆಗೆ ಬಂದಾಗ ಅಧಿಕಾರಿಗಳು ನಮಗೆ ಹೇಳಿದ್ದು ಒಂದೇ ಮಾತು: ಇವನು ನಿಮ್ಮವನಲ್ಲ, ಹೆತ್ತವರು ಸುಧಾರಿಸಿಕೊಂಡರೆ ವಾಪಸ್ ಕೊಡಬೇಕು. ಹೂಂ ಅಂದಿದ್ದೆವು. ಆದರೆ ಜ್ವರ ಬಂದ ರಾತ್ರಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಾಗ ಆ ಮಾತು ಯಾರಿಗೆ ನೆನಪಿರುತ್ತದೆ ಹೇಳಿ. ನಿಮ್ಮ ಹುಡುಗಿಯನ್ನು ಸಾಕುತ್ತಿರುವವರೂ ಹಾಗೇ ಇರಬಹುದು. ಅವರು ಮಗು ಕದ್ದವರಲ್ಲ. ಮೇಲ್ಮನವಿಯಲ್ಲಿ ಅವರ ಮೇಲೆ ಕೆಟ್ಟದು ಬರೆಸಬೇಡಿ, ಅದರಿಂದ ನಿಮಗೆ ಏನೂ ಸಿಗಲ್ಲ. ನಾಳೆ ಮಗು ನಿಮ್ಮ ಹತ್ತಿರ ಬಂದ ಮೇಲೂ ಅವಳಿಗೆ ಆ ಮನೆ ಬೇಕಾಗುತ್ತದೆ.

ಒಂದು ಕೇಳಲಾ? ಈ ಮೂರು ವರ್ಷದಲ್ಲಿ ನಿಮ್ಮಕ್ಕ ಬಂದು ನೋಡಿಕೊಂಡು ಹೋಗುತ್ತಿದ್ದರಾ? ನಮ್ಮ ಹುಡುಗನನ್ನು ನೋಡಲು ಇದುವರೆಗೆ ಯಾರೂ ಬಂದಿಲ್ಲ. ಹಬ್ಬ ಬಂದರೆ ಬಾಗಿಲಲ್ಲಿ ನಿಲ್ಲುತ್ತಾನೆ.

ಕಾಲುವೆ_ಕೊನೆ:
ಅಕ್ಕಾ, ಬೈಯೋ ಮಾತೇ ಇಲ್ಲ. ಆ ಮನೆಯವರು ಒಳ್ಳೆಯವರೇ. ಹುಡುಗಿ ಮೈಕೈ ತುಂಬಿಕೊಂಡಿದ್ದಾಳೆ, ಇಂಗ್ಲಿಷ್ ಓದುತ್ತಾಳೆ.

ಟಿಬಿ ಇದ್ದಾಗ ಅಕ್ಕನೇ ಹತ್ತಿರ ಹೋಗಲಿಲ್ಲ, ಮಗುವಿಗೆ ತಗುಲೀತು ಅಂತ. ಗುಣ ಆದ ಮೇಲೆ ತಪ್ಪದೆ ಹೋಗುತ್ತಿದ್ದಾಳೆ. ಭೇಟಿ ಕಚೇರಿಯಲ್ಲೇ. ಹೋದ ಸಲ ನಾನೂ ಜೊತೆಗಿದ್ದೆ. ಅಕ್ಕ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಹುಡುಗಿ ಒಂದು ರೊಟ್ಟಿ ಮುರಿದು ತಿಂದಳು. ಇನ್ನೊಂದನ್ನು ಚೂರು ಚೂರು ಮಾಡಿ ಕಂಪಾಸ್ ಬಾಕ್ಸಿನಲ್ಲಿ ತುಂಬಿದಳು. ಅಳತೆಪಟ್ಟಿ, ಮೂಲೆಮಟ್ಟ ತೆಗೆದು ನನ್ನ ಕೈಗೆ ಕೊಟ್ಟು, ‘ಮಾಮಾ, ಇವು ಮುಂದಿನ ಸಲ ತಗೊಂಡು ಬಾ’ ಅಂದಳು. ಅಲ್ಲಿದ್ದ ಮೇಡಂ ನಕ್ಕರು. ಅಕ್ಕನಿಗೆ ನಗು ಬರಲಿಲ್ಲ.

ಕೋರ್ಟ್_ರಸ್ತೆ:
ಆ ಭೇಟಿಗಳೆಲ್ಲ ಕಚೇರಿಯ ಪುಸ್ತಕದಲ್ಲಿ ದಾಖಲಾಗಿದೆಯಾ ನೋಡಿ. ಇಲ್ಲದಿದ್ದರೆ ಇನ್ನು ಮುಂದೆ ಪ್ರತಿ ಸಲ ಬರೆಸಿ, ಸಹಿ ಹಾಕಿಸಿ. ಹೆತ್ತವರು ತಿರುಗಿಯೂ ನೋಡಿಲ್ಲ ಅಂತ ಕಡತದಲ್ಲಿ ಸೇರಿಕೊಂಡರೆ ಮಗುವನ್ನು ದತ್ತಿಗೆ ಮುಕ್ತ ಅಂತ ಘೋಷಿಸುವ ಕಡೆಗೆ ಹೋಗುತ್ತದೆ. ಆಗ ಕೆಲಸ ಬಹಳ ಕಷ್ಟ.

ದತ್ತಿನ ಸುದ್ದಿಗೆ ಈಗಲೇ ಹೆದರಬೇಡಿ. 2024ರ ಫಾಸ್ಟರ್ ಕೇರ್ ಮಾರ್ಗಸೂಚಿ ಬಂದ ಮೇಲೆ, ಸಾಕಿದ ಕುಟುಂಬ ಎರಡು ವರ್ಷದ ನಂತರ ದತ್ತು ಕೇಳಬಹುದು ಅನ್ನೋದು ನಿಜ. ಮೊದಲು ಐದು ವರ್ಷ ಇತ್ತು. ಆದರೆ ಮಗು ಕಾನೂನು ಪ್ರಕಾರ ದತ್ತಿಗೆ ಮುಕ್ತವಾಗಿರಬೇಕು. ತಾಯಿ ಬದುಕಿದ್ದಾಳೆ, ಬಂದು ನೋಡುತ್ತಿದ್ದಾಳೆ, ಕೊಡಿ ಅಂತ ಕೇಳುತ್ತಿದ್ದಾಳೆ. ಹೀಗಿರುವಾಗ ಅದು ಸುಲಭಕ್ಕೆ ಆಗುವ ಕೆಲಸ ಅಲ್ಲ.

ನಿವೃತ್ತ_ಮಾಸ್ತರ:
ತಮ್ಮಾ, ಕಹಿ ಅನ್ನಿಸಿದರೂ ಹೇಳುತ್ತೇನೆ. ಸಮಿತಿ ಬರೆದ ಎರಡನೇ ಕಾರಣ ಸುಳ್ಳಲ್ಲ. ಸಿಂಧನೂರು, ಲಿಂಗಸುಗೂರು ಕಡೆ ಶಾಲೆಗಳಲ್ಲಿ ನಾನು ಕೆಲಸ ಮಾಡಿದವನು. ನವೆಂಬರ್ ಬಂದರೆ ಹಾಜರಿ ಪುಸ್ತಕ ನೋಡಲು ಹೊಟ್ಟೆ ಉರಿಯುತ್ತಿತ್ತು. ಜಾಣ ಹುಡುಗಿಯರು ಬೆಂಗಳೂರಿನ ಶೆಡ್ಡಿನಲ್ಲಿ ತಮ್ಮನನ್ನು ಆಡಿಸುತ್ತಾ ಕೂತಿರುತ್ತಿದ್ದರು. ಜೂನ್‌ಗೆ ವಾಪಸ್ ಬಂದಾಗ ಅಕ್ಷರ ಮರೆತಿರುತ್ತಿದ್ದರು. ಹೀಗಾಗಿ ಅಧಿಕಾರಿಗಳಿಗೆ ಭಯ ಇರುವುದು ಸಹಜ.

ಆ ಭಯಕ್ಕೆ ನೀವು ಉತ್ತರ ಕೊಡಬೇಕು. ‘ನಾನು ತಾಯಿ’ ಅನ್ನೋದು ಉತ್ತರ ಆಗಲ್ಲ. ಅಕ್ಕ ಗುಳೆ ಹೋಗಲ್ಲ ಅನ್ನಲು ಏನಿದೆ ನಿಮ್ಮ ಹತ್ತಿರ? ಬಿಸಿಯೂಟದ ಕೆಲಸಕ್ಕೆ ಶಾಲೆಯ ಮುಖ್ಯ ಗುರುಗಳಿಂದ ಪತ್ರ ತನ್ನಿ. ಉದ್ಯೋಗ ಖಾತ್ರಿ ಕಾರ್ಡಿನಲ್ಲಿ ಊರಲ್ಲೇ ಕೆಲಸ ಮಾಡಿದ ದಿನಗಳು ಇರುತ್ತವೆ, ಅದನ್ನು ತೆಗೆಸಿ. ಬೇಸಿಗೆಯಲ್ಲಿ ಶಾಲೆ ಮುಚ್ಚಿದಾಗ ಹೊಟ್ಟೆಗೆ ಏನು ಮಾಡುತ್ತಾಳೆ, ಅದನ್ನೂ ಬರೆಯಿರಿ. ಅವಳಿಗೆ ಹುಷಾರಿಲ್ಲದಿದ್ದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ನೀನು ಸೋದರಮಾವ ಇದ್ದೀಯಲ್ಲ, ಬರೆದು ಸಹಿ ಹಾಕಿ ಕೊಡು.

ಶಾಲೆ ಬಗ್ಗೆ ಒಂದು ಮಾತು. ಅಲ್ಲಿ ಇಂಗ್ಲಿಷ್ ಮಾಧ್ಯಮ, ಇಲ್ಲಿ ಕನ್ನಡ. ವರ್ಷದ ನಡುವೆ ಟಿಸಿ ಕಿತ್ತುಕೊಂಡು ಬರಬೇಡಿ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅಂತ ನೀವೇ ಅರ್ಜಿಯಲ್ಲಿ ಕೇಳಿ. ಮಗುವಿನ ಓದಿನ ಬಗ್ಗೆ ನಿಮಗೂ ಕಾಳಜಿ ಇದೆ ಅಂತ ಓದುವವರಿಗೆ ಗೊತ್ತಾಗುತ್ತದೆ.

ಬಿಸಿಲೂರ_ಹುಡುಗ:
ಮಾಸ್ತರ, ಬಡವರು ಅಂದರೆ ಮಗು ಸಾಕೋ ಯೋಗ್ಯತೆ ಇಲ್ಲ ಅಂತಾನಾ ನಿಮ್ಮ ಮಾತು? ನಮ್ಮ ಓಣಿಯಲ್ಲಿ ಯಾರಿಗೆ ಸ್ಥಿರ ಆದಾಯ ಇದೆ? ಹಾಗಾದರೆ ಎಲ್ಲರ ಮಕ್ಕಳನ್ನೂ ಎತ್ಕೊಂಡು ಹೋಗಲಿ.

ಮಸ್ಕಿ_ಅಂಗನವಾಡಿ:
ಈ ತಮ್ಮ ಬಿಸಿ ರಕ್ತದಲ್ಲಿ ಹೇಳಿದ್ದರೂ ಹೇಳಿದ್ದರಲ್ಲಿ ಹುರುಳಿದೆ. ಬಡತನ ಒಂದೇ ಕಾರಣಕ್ಕೆ ಮಗುವನ್ನು ತಾಯಿಯಿಂದ ದೂರ ಇಡಬಾರದು ಅಂತ ವಿಶ್ವಸಂಸ್ಥೆಯ ಮಾರ್ಗಸೂಚಿಯೇ ಇದೆ. ನಮಗೂ ತರಬೇತಿಯಲ್ಲಿ ಹೇಳಿದ್ದಾರೆ.

ಅದಕ್ಕಿಂತ ಕೈಗೆ ಸಿಗುವ ವಿಷಯ ಹೇಳುತ್ತೇನೆ. ಮಕ್ಕಳ ರಕ್ಷಣೆಗೆ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಒಂದಿದೆ. ಗಂಡ ತೀರಿಕೊಂಡ ತಾಯಿ, ದೊಡ್ಡ ಕಾಯಿಲೆ ಬಿದ್ದ ತಾಯಿ ತಂದೆ, ಇಂಥವರು ತಮ್ಮ ಮಗುವನ್ನು ತಮ್ಮ ಮನೆಯಲ್ಲೇ ಸಾಕಲು ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ವರ್ಷದ ಆದಾಯ 72,000 ದಾಟಿರಬಾರದು, ಪೇಟೆಯಲ್ಲಿ 96,000. ಫಾಸ್ಟರ್ ಕುಟುಂಬಕ್ಕೆ ಸರ್ಕಾರ ಕೊಡುವುದೂ ಅದೇ 4,000. ಅಂದರೆ ಬೇರೆ ಮನೆಯಲ್ಲಿ ಸಾಕಲು ಕೊಡುವ ದುಡ್ಡು ತಾಯಿಯ ಮನೆಯಲ್ಲಿ ಸಾಕಲೂ ಸಿಗುತ್ತದೆ. ಹಾಗಿರುವಾಗ ಆದಾಯ ಇಲ್ಲ ಅಂತ ಗೆರೆ ಎಳೆಯುವ ಮೊದಲು ಪ್ರಾಯೋಜಕತ್ವ ಯಾಕೆ ನೋಡಲಿಲ್ಲ? ಮೇಲ್ಮನವಿಯಲ್ಲಿ ಇದನ್ನೇ ಮೊದಲು ಕೇಳಿಸಿ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಿಗುತ್ತದೆ.

ವಿಧವಾ ವೇತನ, ಗೃಹಲಕ್ಷ್ಮಿ ಬರುತ್ತಿದ್ದರೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ಇಡಿ. ಅದೂ ಪ್ರತಿ ತಿಂಗಳ ಆದಾಯವೇ. ಟಿಬಿ ಚಿಕಿತ್ಸೆ ಪೂರ್ತಿ ಆಗಿದೆ ಅಂತ ತಾಲೂಕು ಆಸ್ಪತ್ರೆಯಿಂದ ಬರೆಸಿಕೊಳ್ಳಿ. ಬಾಯಲ್ಲಿ ಗುಣ ಆಯ್ತು ಅಂದರೆ ಯಾರೂ ನಂಬಲ್ಲ, ಕಫ ಪರೀಕ್ಷೆಯ ಕಾಗದವೂ ಇರಲಿ.

ತುಂಗೆ_ದಡ:
ಇದನ್ನು ಓದಿ ನನಗೂ ಭಯ ಶುರುವಾಯಿತು. ನಮ್ಮ ಚಿಕ್ಕಪ್ಪ ಸಂಬಂಧಿಕರ ಗಂಡುಮಗು ಸಾಕಿಕೊಂಡಿದ್ದಾರೆ. 100 ರೂಪಾಯಿ ಬಾಂಡ್ ಪೇಪರ್ ಮೇಲೆ ಬರೆಸಿ, ಊರ ಹಿರಿಯರು ಸಹಿ ಹಾಕಿದ್ದಾರೆ. ಅದು ನಡೆಯುತ್ತದೆ ಅಲ್ವಾ?

ಕೋರ್ಟ್_ರಸ್ತೆ:
ಬರೀ ಬಾಂಡ್ ಪೇಪರಿನಿಂದ ದತ್ತು ಆಗಲ್ಲ. ಹಿಂದೂಗಳಾದರೆ 1956ರ ದತ್ತಕ ಕಾಯ್ದೆ ಇದೆ. ಮಗು 15 ತುಂಬಿರಬಾರದು, ಕೊಡುವ ಕಡೆ ತಾಯಿ ತಂದೆ ಇಬ್ಬರೂ ಒಪ್ಪಿರಬೇಕು, ನಿಜವಾಗಿ ಕೊಟ್ಟು ತೆಗೆದುಕೊಂಡಿರಬೇಕು. ದತ್ತು ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದ್ದರೆ ಕೋರ್ಟ್ ಅದನ್ನು ಮೊದಲಿಗೆ ನಂಬುತ್ತದೆ. ದುಡ್ಡು ಕೊಟ್ಟು ತಂದಿದ್ದರೆ ಮಾತ್ರ ಅದು ಮಾರಾಟ, ಐದು ವರ್ಷದವರೆಗೆ ಜೈಲು. ನಿಮ್ಮ ಚಿಕ್ಕಪ್ಪನಿಗೆ ಒಬ್ಬ ವಕೀಲರನ್ನು ಕಾಣಲು ಹೇಳಿ. ಇದು ಬೇರೆ ವಿಷಯ, ಇಲ್ಲಿ ಬೆಳೆಸುವುದು ಬೇಡ.

ಹಟ್ಟಿ_ಕ್ಯಾಂಪ್:
ನಾನು ಆ ಹುಡುಗಿಯ ಜಾಗದಲ್ಲಿ ಇದ್ದವಳು. ಅವ್ವ ಹೋದ ಮೇಲೆ ಚಿಕ್ಕಮ್ಮನ ಮನೆಯಲ್ಲಿ ಬೆಳೆದೆ. ಅಪ್ಪ ಇನ್ನೊಂದು ಮದುವೆ ಆಗಿ, ನಾನು ಐದನೇ ಕ್ಲಾಸ್ ಇದ್ದಾಗ ಬಂದು ‘ನನ್ನ ಮಗಳು’ ಅಂತ ಕರೆದುಕೊಂಡು ಹೋದರು. ಹಿರಿಯರು ಕಟ್ಟೆ ಮೇಲೆ ಕೂತು ತೀರ್ಮಾನ ಮಾಡಿದರು. ನನ್ನನ್ನು ಕೇಳಿದರು ಕೂಡ. ಹೇಗೆ ಅಂದರೆ, ಒಂದು ಕಡೆ ಅಪ್ಪ, ಇನ್ನೊಂದು ಕಡೆ ಚಿಕ್ಕಮ್ಮ, ನಡುವೆ ನಾನು. ‘ಯಾರ ಜೊತೆ ಇರ್ತೀಯವ್ವಾ?’ ಏನು ಹೇಳಲಿ? ಯಾರ ಹೆಸರು ಹೇಳಿದರೂ ಇನ್ನೊಬ್ಬರು ಅಳುತ್ತಿದ್ದರು. ನೆಲ ನೋಡುತ್ತಾ ನಿಂತೆ. ಸುಮ್ಮನಿದ್ದದ್ದನ್ನೇ ಒಪ್ಪಿಗೆ ಅಂದುಕೊಂಡರು.

ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ ಮಾತಾಡಿಸಲಿ ಅಂತ ಕೇಳಿಕೊಳ್ಳಿ. ಅಮ್ಮ ಬೇಡ, ಆ ಮನೆಯವರೂ ಬೇಡ, ಮಾಮಾನೂ ಬೇಡ. ‘ಯಾರು ಬೇಕು’ ಅಂತ ಕೇಳುವುದೇ ಬೇಡ. ದಿನ ಹೇಗೆ ಹೋಗುತ್ತದೆ, ಅಮ್ಮನ ಊರಿಗೆ ಹೋದರೆ ಏನು ಇಷ್ಟ, ಏನು ಭಯ ಅಂತ ಕೇಳಿದರೆ ಸಾಕು. ಮನೆಯಲ್ಲಿ ಯಾರೂ ಹೇಳಿಕೊಟ್ಟು ಕಳಿಸಬೇಡಿ. ಹತ್ತು ವರ್ಷದ ಮಗುವಿಗೆ ಎಲ್ಲ ಗೊತ್ತಾಗುತ್ತದೆ, ಹೇಳಿಕೊಟ್ಟದ್ದನ್ನು ಒಪ್ಪಿಸುವ ನೋವೂ ಗೊತ್ತಾಗುತ್ತದೆ.

ಕೋರ್ಟ್_ರಸ್ತೆ:
ಈ ಅಕ್ಕ ಹೇಳಿದ್ದು ಕಾನೂನಿನಲ್ಲೂ ಇದೆ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 3ರಲ್ಲಿ ಮಗುವಿನ ಮಾತು ಕೇಳಬೇಕು ಅನ್ನೋದು ಒಂದು ತತ್ವ. ಆದಷ್ಟು ಬೇಗ ಸ್ವಂತ ಕುಟುಂಬಕ್ಕೆ ಸೇರಿಸಬೇಕು ಅನ್ನೋದು ಇನ್ನೊಂದು. ಅದು ಮಗುವಿನ ಹಿತಕ್ಕೆ ವಿರುದ್ಧ ಇರಬಾರದು, ಅಷ್ಟೇ. ಸೆಕ್ಷನ್ 44 ಕೂಡ ಫಾಸ್ಟರ್ ಕೇರ್ ಅಂದರೆ ಹೆತ್ತವರು ಬಂದು ನೋಡಬಹುದು, ಅವರು ನೋಡಿಕೊಳ್ಳುವ ಸ್ಥಿತಿಗೆ ಬಂದಿದ್ದಾರೆ ಅಂತ ಸಮಿತಿಗೆ ಅನಿಸಿದರೆ ಮಗು ಮನೆಗೆ ಹೋಗಬಹುದು ಅಂತಲೇ ಹೇಳುತ್ತದೆ.

ಸುಪ್ರೀಂ ಕೋರ್ಟ್ ಏನು ಹೇಳುತ್ತದೆ ಅಂತ ಒಬ್ಬರು ಖಾಸಗಿಯಾಗಿ ಕೇಳಿದ್ದರು. ಎರಡೂ ಥರ ಹೇಳಿದೆ. 2019ರ ಒಂದು ತೀರ್ಪಿನಲ್ಲಿ, ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡ ಚಿಕ್ಕ ಮಗುವನ್ನು ಚಿಕ್ಕಮ್ಮನ ಮನೆಯಿಂದ ತಂದೆಗೆ ಕೊಡಿಸಿತು. ತಂದೆಗೂ ಆ ಕಾಲದಲ್ಲಿ ಟಿಬಿ ಆಗಿತ್ತು, ಗುಣವಾಗಿ ಬಂದಿದ್ದರು. ನಿಮ್ಮ ವಕೀಲರಿಗೆ ಇದನ್ನು ತಪ್ಪದೆ ಹೇಳಿ. 2024ರ ಇನ್ನೊಂದು ತೀರ್ಪಿನಲ್ಲಿ, ಹಸುಗೂಸಿನಿಂದ ಸಾಕಿದವರ ಬಳಿಯೇ 14 ವರ್ಷದ ಹುಡುಗಿಯನ್ನು ಉಳಿಸಿತು, ಹೆತ್ತ ತಂದೆಗೆ ಕೊಡಲಿಲ್ಲ. ಎರಡರಲ್ಲೂ ನೋಡಿದ್ದು ಮಗುವಿನ ಹಿತ. ನಿಮ್ಮ ಹುಡುಗಿ 7 ವರ್ಷ ತಾಯಿಯ ಮಡಿಲಲ್ಲಿ ಬೆಳೆದವಳು, ಅದು ನಿಮಗೆ ಬಲ. ಈಗ ತಡ ಮಾಡಿದಷ್ಟೂ ಆ ಬಲ ಕರಗುತ್ತದೆ.

ಡಿಸಿ ಆದೇಶವೂ ಸರಿ ಅನಿಸದಿದ್ದರೆ ಹೈಕೋರ್ಟ್ ಇದೆ. ರಾಯಚೂರಿನವರಿಗೆ ಕಲಬುರಗಿ ಪೀಠ, ಕೊಪ್ಪಳ ಮತ್ತು ಬಳ್ಳಾರಿಯವರಿಗೆ ಧಾರವಾಡ. ಪಕ್ಕದ ತಾಲೂಕಿನವರು ಎಲ್ಲಿಗೆ ಹೋದರು ಅಂತ ನೋಡಿ ಬಸ್ ಹತ್ತಬೇಡಿ.

ಕಾಲುವೆ_ಕೊನೆ:
ಎಲ್ಲರಿಗೂ ಸುದ್ದಿ ತಿಳಿಸೋಣ ಅಂತ ಬಂದೆ. ತಡ ಆಯಿತು, ಭತ್ತದ ಕೊಯ್ಲಿನ ಗಡಿಬಿಡಿ.

ಕಡತದ ನಕಲು ಸಿಕ್ಕಿತು. ಅಕ್ಕ ಹೆಬ್ಬೆಟ್ಟು ಒತ್ತಿದ್ದು ಫಾಸ್ಟರ್ ಕೇರ್ ಒಪ್ಪಿಗೆಗೆ ಮಾತ್ರ, ಬಿಟ್ಟುಕೊಟ್ಟ ಕಾಗದ ಅಲ್ಲ. ಪ್ರಾಧಿಕಾರದಿಂದ ಒಬ್ಬರು ವಕೀಲೆ ಸಿಕ್ಕರು. ಪಾಪ, ಅಕ್ಕನ ಜೊತೆ ನೆಲದ ಮೇಲೆ ಕೂತು ಎಲ್ಲ ಬರೆದುಕೊಂಡರು. ಗಡುವು ಸ್ವಲ್ಪ ದಾಟಿತ್ತು, ಮನ್ನಾ ಅರ್ಜಿ ಹಾಕಿದರು, ಒಪ್ಪಿದರು. ಮಾಸ್ತರ ಹೇಳಿದ ಪತ್ರ, ಆಸ್ಪತ್ರೆ ಕಾಗದ, ಪ್ರಾಯೋಜಕತ್ವದ ಅರ್ಜಿ, ಎಲ್ಲ ಸೇರಿಸಿದೆವು. ಆ ಮನೆಯವರ ಬಗ್ಗೆ ಒಂದು ಕೆಟ್ಟ ಅಕ್ಷರ ಬರೆಸಲಿಲ್ಲ. ಮಗುವನ್ನು ಒಬ್ಬಳನ್ನೇ ಕೂರಿಸಿ ಮಾತಾಡಿಸಿದರು.

ಡಿಸಿಯವರು 18 ತುಂಬುವವರೆಗೂ ಅಲ್ಲೇ ಅನ್ನೋ ಭಾಗವನ್ನು ತೆಗೆದುಹಾಕಿದ್ದಾರೆ. ಪೂರ್ತಿ ನಮ್ಮ ಕಡೆಯೂ ಬರೆದಿಲ್ಲ. ಅಕ್ಕನ ಮನೆಯ ವರದಿ ಹೊಸದಾಗಿ ತಯಾರಿಸಿ, ಪ್ರಾಯೋಜಕತ್ವ ನೋಡಿ, ಶಾಲೆ ವರ್ಷ ಮುಗಿಯೋದರೊಳಗೆ ಸಮಿತಿ ಮತ್ತೆ ತೀರ್ಮಾನ ಮಾಡಬೇಕು. ಅಲ್ಲಿವರೆಗೆ ಶನಿವಾರ, ಭಾನುವಾರ ಹುಡುಗಿ ನಮ್ಮೂರಿಗೆ ಬರಬಹುದು.

ಬಿಸಿಲೂರ_ಹುಡುಗ:
ಅರ್ಧ ಗೆದ್ದ ಹಾಗೆ ಆಯ್ತಲ್ಲ ಅಣ್ಣಾ. ಹೊಸ ವರದಿಯಲ್ಲೂ ಮತ್ತೆ ಗೆರೆ ಎಳೆದರೆ?

ಮಸ್ಕಿ_ಅಂಗನವಾಡಿ:
ವರದಿಗೆ ಮನೆ ನೋಡಲು ಬರುತ್ತಾರೆ. ಶೌಚಾಲಯ, ಮಲಗುವ ಜಾಗ, ಶಾಲೆ ಎಷ್ಟು ದೂರ, ಅಕ್ಕಪಕ್ಕದವರು ಏನಂತಾರೆ, ಎಲ್ಲ ಕೇಳುತ್ತಾರೆ. ಸುಣ್ಣಬಣ್ಣ ಬೇಡ, ಇರೋದನ್ನು ಇದ್ದ ಹಾಗೆ ತೋರಿಸಿ.

ಕೋರ್ಟ್_ರಸ್ತೆ:
ಆದೇಶದ ದೃಢೀಕೃತ ನಕಲು ತೆಗೆದುಕೊಂಡು, ಕೈಗೆ ಬಂದ ದಿನಾಂಕ ಅದರ ಮೇಲೆ ಬರೆದಿಡಿ. ಆ ಕಡೆಯವರೂ ಹೈಕೋರ್ಟಿಗೆ ಹೋಗಬಹುದು. ವಾರದ ಭೇಟಿಗೆ ಕರೆದುಕೊಂಡು ಹೋದ ಸಮಯ, ವಾಪಸ್ ಬಿಟ್ಟ ಸಮಯ ಎರಡನ್ನೂ ಬರೆಸಿ. ಭಾನುವಾರ ಸಂಜೆ ಒಂದು ಗಂಟೆಯೂ ತಡ ಮಾಡಬೇಡಿ.

ಕಾಲುವೆ_ಕೊನೆ:
ಆಯ್ತು ಸರ್. ಗಂಗಾವತಿ ಅಕ್ಕಾ, ನಿಮ್ಮನ್ನು ಒಂದು ಕೇಳಬೇಕಿತ್ತು. ಹುಡುಗಿಗೆ ಧೂಳಿಗೆ ಕೆಮ್ಮು ಬರುತ್ತದಂತೆ. ಈಗ ನಮ್ಮೂರು ತುಂಬಾ ಕಟಾವಿನ ಮಷಿನ್ ಧೂಳು. ಔಷಧಿ ಯಾವುದು ಅಂತ ಆ ಮನೆಯವರನ್ನು ಕೇಳಿದರೆ, ಮಗು ನೋಡಿಕೊಳ್ಳೋಕೆ ಬರಲ್ಲ ಅಂತ ಅದನ್ನೇ ನಮ್ಮ ಮೇಲೆ ಹೇಳುತ್ತಾರಾ?

ಗಂಗಾವತಿ_ಅಕ್ಕ:
ಇಲ್ಲಪ್ಪಾ, ಧಾರಾಳವಾಗಿ ಕೇಳಿ. ಕೇಳದೆ ಇದ್ದರೆ ಅವರಿಗೆ ಭಯ ಜಾಸ್ತಿ. ನೀನು ಕೇಳಬೇಡ, ನಿಮ್ಮಕ್ಕನೇ ಫೋನ್ ಮಾಡಲಿ. ಡಾಕ್ಟರ ಚೀಟಿಯ ಫೋಟೋ ತೆಗೆದುಕೊಳ್ಳಿ, ರಾತ್ರಿ ಎಷ್ಟು ಹೊತ್ತಿಗೆ ಕೊಡಬೇಕು ಅಂತಲೂ ಕೇಳಿಕೊಳ್ಳಲಿ.